ಮನೆಯಲ್ಲಿಯೇ ಮೆತ್ತನೆಯ ಸಿಹಿ ಬನ್ನು ಮತ್ತು ಮಸಾಲೆಯ ಬೆಲ್ಲದ ಕೇಕು

ಬ್ರೆಡ್ಡೆಂದರೆ ಜ್ವರ ಬಂದವರ ಪಥ್ಯ, ಬನ್ನೆಂದರೆ ಪೇಟೆಯವರ ತಿಂಡಿ ಎಂದು ಹಳ್ಳಿಗಳಲ್ಲಿ ತಿಳಿಯುತ್ತಿದ್ದ ಕಾಲ ಹಿಂದಾಯಿತು. ಈಗ ಬಸ್ಸು ನಿಲ್ಲುವ ಸಣ್ಣ ಊರಿನಲ್ಲಿಯೂ ಒಂದು ಬೇಕರಿ ಕಾಣಸಿಗುತ್ತದೆ. ಸಂತೆಯಿಂದ ಮರಳುವವರ ಚೀಲದಲ್ಲಿ ಮಕ್ಕಳಿಗೆಂದು ಒಂದು ಪೊಟ್ಟಣ ಬನ್ನು ಇದ್ದೇ ಇರುತ್ತದೆ. ಅದೇ ಮನೆಯಲ್ಲಿ ರಾಗಿ ಇದೆ, ಬೆಲ್ಲವಿದೆ, ಹಾಲಿದೆ. ಗೊನೆಯ ಬಾಳೆಹಣ್ಣು ಒಮ್ಮೆಗೇ ಹಣ್ಣಾಗಿ ಅರ್ಧ ದನಗಳ ಪಾಲಾಗುತ್ತಿದೆ. ಇಷ್ಟೆಲ್ಲ ಇದ್ದೂ ಬನ್ನನ್ನು ಕೊಂಡೇ ತರಬೇಕೆ ಎಂದು ತರಬೇತಿಗೆ ಬರುವ ರೈತ ಮಹಿಳೆಯರು ಕೇಳುತ್ತಾರೆ. ಕೊಂಡು ತರಬೇಕಾಗಿಲ್ಲ. ಆದರೆ ಮನೆಯಲ್ಲಿ ಒಮ್ಮೆ ಮಾಡಿ ನೋಡಿ, ಅದು ಕಲ್ಲಿನಂತಾದುದನ್ನು ಕಂಡು, ಮತ್ತೆ ಆ ಗೊಡವೆಗೇ ಹೋಗದವರು ಬಹಳ ಮಂದಿ. ಈ ಲೇಖನ ಮುಖ್ಯವಾಗಿ ಅಂಥವರಿಗಾಗಿ.

ಬೇಯಿಸಿದ ಸಿಹಿ ನಮ್ಮ ನಾಡಿಗೆ ತೀರ ಹೊಸದೇನೂ ಅಲ್ಲ. ಹಾಸನ ಜಿಲ್ಲೆಯ ಕಡೆಯ ಅಯ್ಯಂಗಾರ್ ಕುಟುಂಬಗಳವರು ಬೆಂಗಳೂರಿನಲ್ಲಿ ನೆಲೆಸಿ, ಮೊಟ್ಟೆಯಿಲ್ಲದ ಬ್ರೆಡ್ಡು, ಬನ್ನು, ಕಾಯಿತುರಿ ತುಂಬಿದ ದಿಲ್‌ಪಸಂದ್‌ಗಳನ್ನು ಮನೆಮಾತಾಗಿಸಿದರು. ಇಂದಿಗೂ ಊರೂರಿನಲ್ಲಿ ‘ಅಯ್ಯಂಗಾರ್ ಬೇಕರಿ’ ಎಂಬ ಫಲಕ ಕಾಣುತ್ತದೆ. ಕರಾವಳಿಯ ಕೊಂಕಣಿ ಮನೆಗಳಲ್ಲಿಯಂತೂ ಬಲಿತ ಸೌತೆಕಾಯಿ, ರವೆ, ಬೆಲ್ಲ ಸೇರಿಸಿ, ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ತವಸಳಿಯೆಂಬ ಸಿಹಿಯನ್ನು ಬೇಯಿಸುವ ರೂಢಿ ಹಳೆಯದು. ಆದುದರಿಂದ ‘ನಮ್ಮಲ್ಲಿ ಓವನ್ ಇಲ್ಲ’ ಎಂಬುದು ದೊಡ್ಡ ಅಡ್ಡಿಯಲ್ಲ. ಅಡ್ಡಿಯಾಗುವುದು ಹಿಟ್ಟಿನ ಸ್ವಭಾವವನ್ನು ತಿಳಿಯದಿರುವುದು.

ಬನ್ನಿನ ಕಣಕಕ್ಕೆ ಬಲ ಬೇಕು. ಕೇಕಿನ ಹಿಟ್ಟಿಗೆ ಬಲ ಬರಬಾರದು. ಇದೊಂದನ್ನು ನೆನಪಿನಲ್ಲಿಟ್ಟರೆ ಮುಂದೆ ಹೇಳುವುದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಹಿಟ್ಟಿನಲ್ಲಿರುವ ಅಂಟು

ಗೋಧಿಯಲ್ಲಿರುವ ಸಸಾರಜನಕವು ನೀರಿನೊಡನೆ ಸೇರಿ ನಾದಿದಾಗ ರಬ್ಬರಿನಂತೆ ಎಳೆಯಬಹುದಾದ ಒಂದು ಅಂಟಾಗುತ್ತದೆ. ಇದನ್ನೇ ಗ್ಲುಟೆನ್ ಎನ್ನುತ್ತಾರೆ. ಯೀಸ್ಟ್ ಬಿಡುವ ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಹಿಡಿದಿಟ್ಟು ಬನ್ನನ್ನು ಉಬ್ಬಿಸುವುದು ಈ ಅಂಟೇ. ಮನೆಯಲ್ಲಿಯೇ ಇದನ್ನು ಕಣ್ಣಾರೆ ನೋಡಬಹುದು. ನಿಂಬೆಹಣ್ಣಿನ ಗಾತ್ರದ ಮೈದಾ ಕಣಕವನ್ನು ಚೆನ್ನಾಗಿ ನಾದಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಟ್ಟು, ಬಳಿಕ ಅದೇ ನೀರಿನಲ್ಲಿ ಮೆಲ್ಲಗೆ ಹಿಸುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿಗೆ ಹೋಗಿ, ಕೈಯಲ್ಲಿ ಜಿಗುಟಾದ ಒಂದು ಮುದ್ದೆ ಉಳಿಯುತ್ತದೆ. ರಾಗಿ ಹಿಟ್ಟಿನ ಕಣಕವನ್ನು ಹೀಗೆಯೇ ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ರಾಗಿ, ಜೋಳ, ಅಕ್ಕಿ, ಸಜ್ಜೆ ಯಾವುದರಲ್ಲಿಯೂ ಗ್ಲುಟೆನ್ ಇಲ್ಲ. ತರಬೇತಿಗಳಲ್ಲಿ ಗಂಟೆಗಟ್ಟಲೆ ಹೇಳಿದರೂ ಮನಸ್ಸಿಗೆ ಹತ್ತದ ಸಂಗತಿ ಈ ಒಂದು ಪ್ರಯೋಗದಿಂದ ಐದು ನಿಮಿಷದಲ್ಲಿ ಹತ್ತುತ್ತದೆ.

ಗಿರಣಿಯಲ್ಲಿ ಬೀಸಿಸಿದ ಮನೆಯ ಗೋಧಿ ಹಿಟ್ಟಿನಲ್ಲಿ ಅಂಟು ಇದ್ದರೂ ಅದರಲ್ಲಿರುವ ತವುಡು ಚೂರಿಯಂತೆ ಆ ಎಳೆಗಳನ್ನು ಕತ್ತರಿಸುತ್ತದೆ. ಆದ್ದರಿಂದ ಬರೀ ಗೋಧಿ ಹಿಟ್ಟಿನ ಬನ್ನು ಅಷ್ಟಾಗಿ ಉಬ್ಬುವುದಿಲ್ಲ. ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜಾಲಿಸಿ, ಅರ್ಧ ಪಾಲು ಮೈದಾ ಸೇರಿಸಿದರೆ ತಕ್ಕಮಟ್ಟಿಗೆ ಮೆತ್ತಗಾಗುತ್ತದೆ. ಉತ್ತರ ಕರ್ನಾಟಕದ ಜವೆಗೋಧಿಯ ಅಂಟು ಬನ್ನಿಗೆ ಸಾಲದು. ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಡಿಡಿಕೆ 1025, ಡಿಡಿಕೆ 1029 ಮುಂತಾದ ಜವೆಗೋಧಿ ತಳಿಗಳನ್ನು ಬೆಳೆಯುವವರು ಅದನ್ನು ಹುಗ್ಗಿ, ಶಾವಿಗೆ, ರವೆಗಳಿಗೇ ಇಟ್ಟುಕೊಳ್ಳುವುದು ಲೇಸು. ಆ ರವೆ ತವಸಳಿಗೆ ಚೆನ್ನಾಗಿ ಒದಗುತ್ತದೆ.

ಯೀಸ್ಟ್ ಬದುಕಿದೆಯೆ?

ಯೀಸ್ಟ್ ಒಂದು ಸೂಕ್ಷ್ಮಜೀವಿ. ಬದುಕಿದ್ದರೆ ಕೆಲಸ ಮಾಡುತ್ತದೆ, ಸತ್ತಿದ್ದರೆ ಇಲ್ಲ. ಒಂದು ಹಳ್ಳಿಯ ತರಬೇತಿಯಲ್ಲಿ ನಾವು ಒಯ್ದ ಯೀಸ್ಟಿನ ಡಬ್ಬಿ ತಿಂಗಳುಗಟ್ಟಲೆ ಹಿಂದೆ ತೆರೆದದ್ದಾಗಿತ್ತು. ಪರೀಕ್ಷಿಸದೆ ಬಳಸಿದೆವು. ಎರಡು ಗಂಟೆ ಕಾದರೂ ಕಣಕ ಇದ್ದಲ್ಲಿಯೇ ಇತ್ತು. ‘ನಮ್ಮನೆ ಇಡ್ಲಿ ಹಿಟ್ಟು ಇದಕ್ಕಿಂತ ವಾಸಿ ಕಣಮ್ಮ, ಹೇಳದೆ ಕೇಳದೆ ಉಬ್ಬತದೆ’ ಎಂದು ಹಿರಿಯರೊಬ್ಬರು ನಕ್ಕರು. ಅಂದಿನಿಂದ ಮೊದಲು ಪರೀಕ್ಷೆ, ಆಮೇಲೆ ಹಿಟ್ಟು ಎಂಬ ನಿಯಮ ಮಾಡಿಕೊಂಡಿದ್ದೇವೆ.

ಪರೀಕ್ಷೆ ಸುಲಭ. ಅರ್ಧ ಲೋಟ ಉಗುರು ಬೆಚ್ಚಗಿನ ನೀರಿಗೆ ಒಂದು ಚಮಚ ಸಕ್ಕರೆ, ಬೇಕಾದಷ್ಟು ಒಣ ಯೀಸ್ಟ್ ಹಾಕಿ ಕದಡಿ ಮುಚ್ಚಿಡಬೇಕು. 10ರಿಂದ 15 ನಿಮಿಷಗಳಲ್ಲಿ ಮೇಲೆ ದಪ್ಪ ನೊರೆ ಕಟ್ಟಿದರೆ ಯೀಸ್ಟ್ ಚುರುಕಾಗಿದೆ. ನೊರೆ ಬಾರದಿದ್ದರೆ ಆ ನೀರನ್ನು ಚೆಲ್ಲಿಬಿಡಿ. ಅರ್ಧ ಕಿಲೋ ಮೈದಾ ಉಳಿಯುತ್ತದೆ. ನೀರು 40 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು ಬಿಸಿ ಇರಬಾರದು. ಬೆರಳಿಟ್ಟರೆ ಹಿತವಾಗಿ ಬೆಚ್ಚಗಿರಬೇಕು, ಸುಡಬಾರದು. 55ರಿಂದ 60 ಡಿಗ್ರಿಯಲ್ಲಿ ಯೀಸ್ಟ್ ಸಾಯುತ್ತದೆ. ತೆರೆದ ಯೀಸ್ಟನ್ನು ಗಾಳಿಯಾಡದ ಸೀಸೆಯಲ್ಲಿ ಹಾಕಿ ತಂಪಾದ ಜಾಗದಲ್ಲಿಡಬೇಕು. ಫ್ರಿಜ್ ಇದ್ದವರು ಅದರಲ್ಲಿಡಬಹುದು. ಒಲೆಯ ಬಳಿಯ ಗೂಡು ಅದಕ್ಕೆ ತಕ್ಕ ಜಾಗವಲ್ಲ.

ಸಿಹಿ ಬನ್ನು ಮಾಡುವ ಕ್ರಮ

ಬೇಕಾಗುವ ಸಾಮಗ್ರಿ: ಮೈದಾ 500 ಗ್ರಾಂ, ಸಕ್ಕರೆ 75 ಗ್ರಾಂ, ಒಣ ಯೀಸ್ಟ್ 8ರಿಂದ 10 ಗ್ರಾಂ (ಸುಮಾರು 3 ಟೀ ಚಮಚ), ಉಪ್ಪು 7 ಗ್ರಾಂ (ಒಂದು ಟೀ ಚಮಚಕ್ಕಿಂತ ತುಸು ಹೆಚ್ಚು), ಬೆಣ್ಣೆ ಅಥವಾ ತುಪ್ಪ 50 ಗ್ರಾಂ, ಹಾಲು 150 ಮಿ.ಲೀ., ನೀರು ಯೀಸ್ಟ್ ನೆನೆಸಿದ್ದೂ ಸೇರಿ 130ರಿಂದ 150 ಮಿ.ಲೀ., ಏಲಕ್ಕಿ 4. ಇದರಿಂದ 55 ಗ್ರಾಂ ತೂಕದ 16–17 ಉಂಡೆಗಳಾಗುತ್ತವೆ.

ಹಾಲನ್ನು ಚೆನ್ನಾಗಿ ಕಾಯಿಸಿ ಆರಿಸಿಯೇ ಬಳಸಬೇಕು. ಕರೆದ ಹಸಿ ಹಾಲಿನ ನೀರಿನಂಶದಲ್ಲಿರುವ ಕೆಲವು ಸಸಾರಜನಕಗಳು ಕಣಕವನ್ನು ಸಡಿಲಗೊಳಿಸಿ ಬನ್ನಿನ ಗಾತ್ರವನ್ನು ಕುಗ್ಗಿಸುತ್ತವೆ. ಕಾಯಿಸಿದಾಗ ಈ ದೋಷ ಹೋಗುತ್ತದೆ. ಸಕ್ಕರೆಯನ್ನು ಮೇಲೆ ಹೇಳಿದ್ದಕ್ಕಿಂತ ಬಹಳ ಹೆಚ್ಚಿಸಬಾರದು. ಸಕ್ಕರೆ ಸ್ವಲ್ಪವಿದ್ದರೆ ಯೀಸ್ಟಿಗೆ ಆಹಾರ, ಹೆಚ್ಚಾದರೆ ಅದೇ ಸಕ್ಕರೆ ಯೀಸ್ಟಿನಿಂದ ನೀರನ್ನು ಹೀರಿ ಅದನ್ನು ಮಂದಗೊಳಿಸುತ್ತದೆ. ಉಪ್ಪಿನಕಾಯಿ ಕೆಡದಿರುವುದಕ್ಕೂ ಇದಕ್ಕೂ ಕಾರಣ ಒಂದೇ. ಇನ್ನೂ ಸಿಹಿ ಬೇಕೆನಿಸಿದರೆ ಒಳಗೆ ಹೂರಣ ತುಂಬಬೇಕು.

ಮೈದಾಕ್ಕೆ ಉಪ್ಪು, ಸಕ್ಕರೆ ಬೆರೆಸಿ, ನಡುವೆ ಗುಳಿ ಮಾಡಿ, ನೊರೆ ಬಂದ ಯೀಸ್ಟ್ ಮತ್ತು ಹಾಲು ಹಾಕಿ ಕಲಸಬೇಕು. ಇಲ್ಲಿಯೇ ನಮ್ಮ ಗೃಹಿಣಿಯರು ಎಡವುವುದು. ಚಪಾತಿಯ ಹಿಟ್ಟು ಕಲಸಿ ಪಳಗಿದ ಕೈ ಕಣಕ ಅಂಟತೊಡಗಿದ ಕೂಡಲೇ ಇನ್ನೊಂದು ಹಿಡಿ ಹಿಟ್ಟು ಉದುರಿಸುತ್ತದೆ. ಹಾಗೆ ಮಾಡಬಾರದು. ಬನ್ನಿನ ಕಣಕ ಚಪಾತಿಯದಕ್ಕಿಂತ ಮೆದುವಾಗಿ, ಒಬ್ಬಟ್ಟಿನ ಕಣಕಕ್ಕೆ ಹತ್ತಿರವಾಗಿರಬೇಕು. ಮೊದಲ ಐದು ನಿಮಿಷ ಅದು ಕೈಗೂ ಮಣೆಗೂ ಅಂಟಿಕೊಳ್ಳುತ್ತದೆ. ಅಂಟಲಿ. ಅಂಗೈಯ ಬುಡದಿಂದ ಮುಂದಕ್ಕೆ ಒತ್ತಿ, ಮಡಿಸಿ, ತಿರುಗಿಸಿ ಮತ್ತೆ ಒತ್ತಬೇಕು. ಕಣಕ ಒಟ್ಟುಗೂಡಿದ ಮೇಲೆ ಬೆಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ 10ರಿಂದ 15 ನಿಮಿಷ ನಾದಿದರೆ ಅದು ತಾನಾಗಿಯೇ ನಯವಾಗಿ ಕೈಬಿಡುತ್ತದೆ. ಒಂದು ಚೂರನ್ನು ಎರಡೂ ಕೈ ಬೆರಳುಗಳಿಂದ ಮೆಲ್ಲಗೆ ಹಿಗ್ಗಿಸಿದಾಗ ಹರಿಯದೆ, ಬೆಳಕು ತೂರುವಷ್ಟು ತೆಳುವಾದ ಪೊರೆಯಾದರೆ ನಾದಿದ್ದು ಸಾಕು. ಕೈ ಸೋತರೆ ಕಣಕವನ್ನು ಮುಚ್ಚಿ ಹತ್ತು ನಿಮಿಷ ಬಿಟ್ಟು ಮತ್ತೆ ನಾದಬಹುದು. ಆ ವಿರಾಮದಲ್ಲಿ ಅಂಟು ತಾನೇ ಒಂದಷ್ಟು ಬೆಳೆದಿರುತ್ತದೆ.

ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿ, ಕಣಕ ಎರಡರಷ್ಟಾಗುವವರೆಗೆ ಬಿಡಬೇಕು. ಗಡಿಯಾರ ನೋಡಬೇಡಿ, ಕಣಕ ನೋಡಿ. ಬೇಸಿಗೆಯಲ್ಲಿ ಮುಕ್ಕಾಲು ಗಂಟೆಗೇ ಆಗಬಹುದು, ಮಲೆನಾಡಿನ ಮಳೆಗಾಲದಲ್ಲಿ ಎರಡು ಗಂಟೆಯೂ ಹಿಡಿಯಬಹುದು. ಹಿಟ್ಟಿನಲ್ಲಿ ಅದ್ದಿದ ಬೆರಳನ್ನು ಕಣಕದಲ್ಲಿ ಚುಚ್ಚಿ ತೆಗೆದಾಗ ಗುಳಿ ಹಾಗೆಯೇ ನಿಂತರೆ ಹದ ಬಂದಿದೆ; ಕೂಡಲೇ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ಕಣಕವೇ ಕುಸಿದು ಹುಳಿ ವಾಸನೆ ಬಂದರೆ ಹೊತ್ತು ಮೀರಿದೆ.

ಉಬ್ಬಿದ ಕಣಕವನ್ನು ಗುದ್ದಿ ಗಾಳಿ ಇಳಿಸಿ, ಸಮನಾಗಿ ತೂಗಿ ಉಂಡೆ ಮಾಡಬೇಕು. ಉಂಡೆಯ ಮೇಲ್ಮೈ ಬಿರುಕಿಲ್ಲದೆ ಬಿಗಿಯಾಗಿರಲಿ. ಜಿಡ್ಡು ಸವರಿದ ತಟ್ಟೆಯಲ್ಲಿ ಒಂದಕ್ಕೊಂದು ಬೆರಳಗಲ ಬಿಟ್ಟು ಜೋಡಿಸಿದರೆ ಉಬ್ಬಿದಾಗ ಪಕ್ಕಗಳು ತಗುಲಿ, ಅಲ್ಲಿ ಗಟ್ಟಿ ಸಿಪ್ಪೆ ಬಾರದೆ ಮೆತ್ತಗಿರುತ್ತವೆ. ಮತ್ತೆ 35ರಿಂದ 45 ನಿಮಿಷ ಉಬ್ಬಲು ಬಿಟ್ಟು, ಮೇಲೆ ಹಾಲು ಸವರಿ, 190ರಿಂದ 200 ಡಿಗ್ರಿ ಶಾಖದಲ್ಲಿ 15ರಿಂದ 18 ನಿಮಿಷ ಬೇಯಿಸಬೇಕು. ಹೊರತೆಗೆದ ಕೂಡಲೇ ತುಪ್ಪ ಸವರಿ, ಒಣ ಬಟ್ಟೆ ಮುಚ್ಚಿಟ್ಟರೆ ಒಳಗಿನ ಹಬೆ ಮೇಲಿನ ಸಿಪ್ಪೆಯನ್ನು ಮೆದುಗೊಳಿಸುತ್ತದೆ.

ರಾಗಿಯನ್ನು ಗಂಜಿಯಾಗಿ ಸೇರಿಸಿ

100 ಗ್ರಾಂ ರಾಗಿಯಲ್ಲಿ ಸುಮಾರು 344 ಮಿ.ಗ್ರಾಂ ಸುಣ್ಣದಂಶವಿದ್ದರೆ ಅಷ್ಟೇ ಮೈದಾದಲ್ಲಿ 23 ಮಿ.ಗ್ರಾಂ ಮಾತ್ರ. ವಿಶ್ವಸಂಸ್ಥೆಯು 2023ನೇ ಇಸವಿಯನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ ಮೇಲೆ ರಾಗಿ ಬನ್ನು, ರಾಗಿ ಬಿಸ್ಕತ್ತುಗಳ ಮಾತು ಎಲ್ಲೆಡೆ ಕೇಳಿಬರುತ್ತಿದೆ. ಆದರೆ ಅಂಟಿಲ್ಲದ ರಾಗಿ ಹಿಟ್ಟನ್ನು ಹೇಗೆ ಬೇಕೆಂದರೆ ಹಾಗೆ ಸೇರಿಸಿದರೆ ಬನ್ನು ಇಟ್ಟಿಗೆಯಾಗುತ್ತದೆ. ಒಣ ಹಿಟ್ಟಾಗಿಯಾದರೆ 500 ಗ್ರಾಂನಲ್ಲಿ 100 ಗ್ರಾಂ ಮೀರಬಾರದು. ಅಷ್ಟಕ್ಕೂ ಬನ್ನು ಸ್ವಲ್ಪ ಉದುರುದುರಾಗುತ್ತದೆ.

ಇದಕ್ಕಿಂತ ಒಳ್ಳೆಯ ಉಪಾಯ ನಮ್ಮ ಅಡಿಗೆಮನೆಯಲ್ಲಿಯೇ ಇದೆ. 60 ಗ್ರಾಂ ರಾಗಿ ಹಿಟ್ಟನ್ನು 240 ಮಿ.ಲೀ. ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ದಪ್ಪ ಗಂಜಿಯಾಗಿ ಬೇಯಿಸಿ, ಪೂರ್ತಿ ಆರಿಸಬೇಕು. ಇದನ್ನು 440 ಗ್ರಾಂ ಮೈದಾಕ್ಕೆ ಸೇರಿಸಿ ಉಳಿದ ಸಾಮಗ್ರಿಯೊಡನೆ ನಾದಬೇಕು. ಯೀಸ್ಟನ್ನು ನೆನೆಸಲು 60–70 ಮಿ.ಲೀ. ಬೆಚ್ಚಗಿನ ಹಾಲು ಸಾಕು. ಕಣಕ ಬಿರುಸೆನಿಸಿದರೆ ಮಾತ್ರ ಚಮಚ ಚಮಚವಾಗಿ ಹಾಲು ಚಿಮುಕಿಸಿ. ಬೆಂದ ಪಿಷ್ಟ ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ನೀರು ಬನ್ನಿನೊಳಗೇ ಉಳಿಯುವುದರಿಂದ ರಾಗಿ ಸೇರಿದ ಬನ್ನು ಬರೀ ಮೈದಾ ಬನ್ನಿಗಿಂತ ಒಂದು ದಿನ ಹೆಚ್ಚು ಮೆತ್ತಗಿದ್ದರೂ ಆಶ್ಚರ್ಯವಿಲ್ಲ. ಗಂಜಿ ಬಿಸಿ ಇರುವಾಗಲೇ ಅವಸರಪಟ್ಟು ಸೇರಿಸಿದರೆ ಯೀಸ್ಟ್ ಸಾಯುತ್ತದೆಂಬುದನ್ನು ಮರೆಯಬಾರದು. ಮೊಳಕೆ ಕಟ್ಟಿ ಬೀಸಿದ ರಾಗಿ ಹಿಟ್ಟನ್ನು ಹೀಗೆ ಬಳಸಬೇಡಿ. ಅದರಲ್ಲಿರುವ ಕಿಣ್ವ ಪಿಷ್ಟವನ್ನು ಕರಗಿಸಿ, ಬನ್ನಿನ ಒಳಭಾಗ ಬೇಯದ ಹಿಟ್ಟಿನಂತೆ ಜಿಗುಟಾಗುತ್ತದೆ.

ಮಸಾಲೆಯನ್ನು ಎಲ್ಲಿ ಹಾಕಬೇಕು

ಚಕ್ಕೆ, ಲವಂಗಗಳ ಪರಿಮಳ ತೈಲಗಳು ಯೀಸ್ಟನ್ನು ತಡೆಯುತ್ತವೆ. ಪರಿಮಳ ಚೆನ್ನಾಗಿರಲೆಂದು ಕಣಕಕ್ಕೇ ಚಮಚಗಟ್ಟಲೆ ಚಕ್ಕೆ ಪುಡಿ ಹಾಕಿದವರ ಬನ್ನು ಉಬ್ಬದಿರಲು ಇದೇ ಕಾರಣ. ಕಣಕಕ್ಕೆ ಏಲಕ್ಕಿ ಮಾತ್ರ ಹಾಕಿ, ಚಕ್ಕೆ ಲವಂಗಗಳನ್ನು ಹೂರಣದಲ್ಲಿ ಬಳಸಿರಿ. ಹೂರಣಕ್ಕೆ ಒಂದು ಬಟ್ಟಲು ಕಾಯಿತುರಿ, ಅರ್ಧ ಬಟ್ಟಲು ಬೆಲ್ಲ, ಅರ್ಧ ಚಮಚ ಚಕ್ಕೆ ಪುಡಿ, ಚಿಟಿಕೆ ಜಾಯಿಕಾಯಿ ಸೇರಿಸಿ, ನೀರಾರುವವರೆಗೆ ಬಾಡಿಸಿ ತಣಿಸಬೇಕು. ನೀರಾಗಿರುವ ಹೂರಣ ಬನ್ನಿನ ತಳವನ್ನು ಹಸಿಯಾಗಿಸುತ್ತದೆ.

ಜಾಯಿಕಾಯಿ ಚಿಟಿಕೆ ಮೀರಬಾರದು. ಹೆಚ್ಚಾದರೆ ತಲೆಸುತ್ತು, ವಾಂತಿ ತರುವ ವಸ್ತು ಅದು. ಮಸಾಲೆಗಳನ್ನು ಪುಡಿಯಾಗಿ ಕೊಳ್ಳುವುದಕ್ಕಿಂತ ಇಡಿಯಾಗಿ ಕೊಂಡು, ತುಸು ಬಿಸಿ ಮಾಡಿ ಮನೆಯಲ್ಲಿ ಕುಟ್ಟಿಕೊಂಡರೆ ಕಲಬೆರಕೆಯ ಅಂಜಿಕೆಯಿಲ್ಲ, ಅರ್ಧ ಪ್ರಮಾಣವೇ ಸಾಕಾಗುತ್ತದೆ.

ಬೇಕರಿಯ ಬನ್ನಿನಲ್ಲಿ ಕಾಣುವ ಕೆಂಪು, ಹಸಿರು ಟುಟಿ ಫ್ರುಟಿ ಪರಂಗಿ ಕಾಯಿಯದು. ಪಪೇನಿಗಾಗಿ ಹಾಲು ಇಳಿಸಿ ಗೆರೆ ಬಿದ್ದ ಕಾಯಿಗೆ ಹಣ್ಣಿನ ಪೇಟೆಯಲ್ಲಿ ಬೆಲೆಯಿಲ್ಲದಿದ್ದರೂ ಇದಕ್ಕೆ ಅದು ಸಲ್ಲುತ್ತದೆ. ಸಣ್ಣ ಚೂರುಗಳನ್ನು ಬೇಯಿಸಿ, ದಿನದಿಂದ ದಿನಕ್ಕೆ ಗಟ್ಟಿ ಮಾಡಿದ ಸಕ್ಕರೆ ಪಾಕದಲ್ಲಿ ನೆನೆಸಿ, ಬಸಿದು ನೆರಳಿನಲ್ಲಿ ಒಣಗಿಸಿದರಾಯಿತು. ಬಣ್ಣ ಹಾಕಲೇಬೇಕೆಂದಿಲ್ಲ.

ಬೆಲ್ಲ, ಬಾಳೆಹಣ್ಣಿನ ಮಸಾಲೆ ಕೇಕು

ಇಲ್ಲಿ ಯೀಸ್ಟ್ ಇಲ್ಲ; ಹಿಟ್ಟನ್ನು ಉಬ್ಬಿಸುವುದು ಅಡಿಗೆ ಸೋಡಾ. ಮೊಸರು, ಬಾಳೆಹಣ್ಣು, ಬೆಲ್ಲಗಳಲ್ಲಿರುವ ಹುಳಿ ಸೋಡಾದೊಡನೆ ಕೂಡಿ ಅನಿಲ ಹೊರಡುತ್ತದೆ. ಯೀಸ್ಟಿನ ಹಂಗಿಲ್ಲದ ಕಾರಣ ಮಸಾಲೆಯನ್ನು ಧಾರಾಳವಾಗಿ ಹಾಕಬಹುದು. ರಾಗಿಗೂ ಇಲ್ಲಿ ಎಡೆ ಹೆಚ್ಚು, ಏಕೆಂದರೆ ಕೇಕಿಗೆ ಅಂಟು ಬೇಕಾಗಿಲ್ಲ.

ಮೈದಾ 150 ಗ್ರಾಂ, ರಾಗಿ ಹಿಟ್ಟು 100 ಗ್ರಾಂ, ಸಿಪ್ಪೆ ತೆಗೆದ ಕಳಿತ ಬಾಳೆಹಣ್ಣು 250 ಗ್ರಾಂ, ಬೆಲ್ಲ 160 ಗ್ರಾಂ, ಗಟ್ಟಿ ಮೊಸರು 100 ಮಿ.ಲೀ., ಕರಗಿಸಿದ ಬೆಣ್ಣೆ ಅಥವಾ ಎಣ್ಣೆ 80 ಗ್ರಾಂ, ಅಡಿಗೆ ಸೋಡಾ ಮಟ್ಟಸವಾಗಿ ಮುಕ್ಕಾಲು ಟೀ ಚಮಚ, ಒಣಶುಂಠಿ ಪುಡಿ ಒಂದು ಚಮಚ, ಚಕ್ಕೆ ಪುಡಿ ಅರ್ಧ ಚಮಚ, ಲವಂಗ 3, ಏಲಕ್ಕಿ 5, ಉಪ್ಪು ಚಿಟಿಕೆ.

ಬೆಲ್ಲವನ್ನು ಎರಡು ಮೂರು ಚಮಚ ನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಲೇಬೇಕು. ಒಂದು ಮರಳಿನ ಹರಳು ಹಲ್ಲಿಗೆ ಸಿಕ್ಕರೆ ಇಡೀ ಕೇಕು ಕೆಟ್ಟಂತೆ. ಬಂಗಾರದ ಬಣ್ಣದ ಬೆಲ್ಲವೇ ಬೇಕೆಂದು ಹುಡುಕಬೇಡಿ. ಆ ಬಣ್ಣ ಅನೇಕ ವೇಳೆ ಆಲೆಮನೆಯಲ್ಲಿ ಹಾಕಿದ ಹೈಡ್ರೋಸಿನಿಂದ ಬಂದುದು. ಕಂದು ಬಣ್ಣದ ಬೆಲ್ಲವೇ ಈ ಕೇಕಿಗೆ ರುಚಿ. ಬೆಲ್ಲ ಹಾಕಿದ್ದರಿಂದ ಇದು ಸಕ್ಕರೆ ಕಾಯಿಲೆಯವರಿಗೆ ಹಿತವೆಂದು ಮಾತ್ರ ತಿಳಿಯಬಾರದು. ಬೆಲ್ಲದಲ್ಲಿಯೂ ಹೆಚ್ಚಿನ ಭಾಗ ಸಕ್ಕರೆಯೇ.

ಹಣ್ಣನ್ನು ನುಣ್ಣಗೆ ಕಿವುಚಿ, ಆರಿದ ಬೆಲ್ಲದ ನೀರು, ಮೊಸರು, ಬೆಣ್ಣೆ ಸೇರಿಸಿ ಚೆನ್ನಾಗಿ ಕಡೆಯಬೇಕು. ಹಿಟ್ಟು, ಸೋಡಾ, ಮಸಾಲೆಗಳನ್ನು ಬೇರೆಯಾಗಿ ಎರಡು ಸಲ ಜರಡಿ ಹಿಡಿಯಬೇಕು. ಎರಡನ್ನೂ ಕೂಡಿಸಿದ ಮೇಲೆ ಹಿಟ್ಟಿನ ಒಣ ಗುರುತು ಮಾಯವಾಗುವವರೆಗೆ ಮಾತ್ರ ಸೌಟಿನಿಂದ ಮಗುಚಬೇಕು. ಅಲ್ಲಿಗೆ ಕೈ ನಿಲ್ಲಿಸಬೇಕು. ಸಣ್ಣ ಗಂಟುಗಳಿದ್ದರೂ ಚಿಂತೆಯಿಲ್ಲ. ಬನ್ನನ್ನು ನಾದಿದ ಹುಮ್ಮಸ್ಸಿನಲ್ಲಿ ಇದನ್ನೂ ಬಡಿದರೆ ಮೈದಾದ ಅಂಟು ಬೆಳೆದು ಕೇಕು ರಬ್ಬರಿನಂತಾಗುತ್ತದೆ. ಹಿಟ್ಟನ್ನು ಕಾಯಲು ಇಡಲೂಬಾರದು, ಸೋಡಾದ ಅನಿಲ ಹಾರಿಹೋಗುತ್ತದೆ. ಜಿಡ್ಡು ಸವರಿ ಹಿಟ್ಟು ಉದುರಿಸಿದ ತಟ್ಟೆಗೆ ಮೂರರಲ್ಲಿ ಎರಡು ಪಾಲು ತುಂಬಿ, ಮೊದಲೇ ಕಾದಿರುವ ಒಲೆಯಲ್ಲಿ 170ರಿಂದ 175 ಡಿಗ್ರಿಯಲ್ಲಿ 40ರಿಂದ 45 ನಿಮಿಷ ಬೇಯಿಸಬೇಕು. ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು. ಮೊದಲ 25 ನಿಮಿಷ ಮುಚ್ಚಳ ತೆರೆದು ಇಣುಕುವ ಆಸೆಯನ್ನು ತಡೆದುಕೊಳ್ಳಿ. ನಡುಭಾಗ ಕುಸಿಯುವುದು ಹೆಚ್ಚಾಗಿ ಅದರಿಂದಲೇ.

ಹೆಚ್ಚು ಉಬ್ಬಲೆಂದು ಸೋಡಾ ಹೆಚ್ಚಿಸಬೇಡಿ. ಸಾಬೂನಿನ ರುಚಿ ಬರುತ್ತದೆ, ಬಣ್ಣ ಕಪ್ಪಾಗುತ್ತದೆ, ಹಿಟ್ಟಿನಲ್ಲಿರುವ ‘ಬಿ-1’ ಜೀವಸತ್ವವೂ ನಾಶವಾಗುತ್ತದೆ. ಈ ಕೇಕು ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚು.

ತವಸಳಿ

ಮೈದಾ, ಸೋಡಾ ಯಾವುದೂ ಬೇಡವೆನ್ನುವವರಿಗೆ ಇದು ತಕ್ಕದ್ದು. ಬಲಿತ ಸೌತೆಕಾಯಿಯ ತಿರುಳನ್ನು ಕಹಿಯಿಲ್ಲವೆಂದು ರುಚಿ ನೋಡಿಕೊಂಡು, ಬೀಜ ತೆಗೆದು ತುರಿಯಬೇಕು. 400 ಗ್ರಾಂ ತುರಿಗೆ, ಅದರ ರಸವನ್ನು ಹಿಂಡದೆ, ಹುರಿದ ಅಕ್ಕಿ ರವೆ ಅಥವಾ ಗೋಧಿ ರವೆ 200 ಗ್ರಾಂ, ಬೆಲ್ಲ 160 ಗ್ರಾಂ, ಕಾಯಿತುರಿ ಒಂದು ಹಿಡಿ, ತುಪ್ಪ ಎರಡು ದೊಡ್ಡ ಚಮಚ, ಏಲಕ್ಕಿ, ಒಣಶುಂಠಿ, ಚಿಟಿಕೆ ಉಪ್ಪು ಸೇರಿಸಿ ಅರ್ಧ ಗಂಟೆ ನೆನೆಯಲು ಬಿಟ್ಟು, 180 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ಸಿದ್ಧ. ಬೇರೆ ನೀರು ಬೇಡ. ಬೆಣ್ಣೆಯೊಡನೆ ತಿನ್ನಲು ಸೊಗಸು. ಸೌತೆಕಾಯಿಗೆ ಬೆಲೆ ಬಿದ್ದು ಹೊಲದಲ್ಲಿಯೇ ಬಲಿಯುವ ದಿನಗಳಲ್ಲಿ ನೆನಪಿಡಬೇಕಾದ ತಿಂಡಿ.

ಓವನ್ ಇಲ್ಲದವರ ಒಲೆ

ದಪ್ಪ ತಳದ ಅಗಲ ಪಾತ್ರೆಯಲ್ಲಿ ಎರಡು ಅಂಗುಲ ಒಣ ಮರಳು ಹರಡಿ, ಅದರ ಮೇಲೆ ಒಂದು ಕಬ್ಬಿಣದ ಸಿಂಬಿಯನ್ನಿಟ್ಟು, ಬಿಗಿಯಾಗಿ ಕೂರುವ ಚಪ್ಪಟೆ ಮುಚ್ಚಳ ಹಾಕಿ, 15 ನಿಮಿಷ ಕಾಯಿಸಿದರೆ ಅದೇ ಓವನ್. ಮುಚ್ಚಳದ ಮೇಲೆ ಕೆಂಡವಿಟ್ಟರೆ ಮೇಲ್ಭಾಗಕ್ಕೂ ಬಣ್ಣ ಬರುತ್ತದೆ. ಪ್ರೆಷರ್ ಕುಕ್ಕರನ್ನು ರಬ್ಬರು ಸುತ್ತು, ತೂಕ ತೆಗೆದು ಹೀಗೆ ಬಳಸುವವರಿದ್ದಾರೆ. ನೀರಿಲ್ಲದೆ ಕಾಯಿಸಿದ ಕುಕ್ಕರು ಮುಂದೆ ಒತ್ತಡದ ಅಡಿಗೆಗೆ ನಂಬಲರ್ಹವಲ್ಲವಾದ್ದರಿಂದ ದಿನಬಳಕೆಯದನ್ನು ಇದಕ್ಕೆ ತೆಗೆಯಬಾರದು.

ಶಾಖ ತಿಳಿಯಲು ಒಂದು ಹಳೆಯ ಪರೀಕ್ಷೆಯಿದೆ. ಸಣ್ಣ ತಟ್ಟೆಯಲ್ಲಿ ತೆಳುವಾಗಿ ಮೈದಾ ಹರಡಿ ಒಳಗಿಟ್ಟು ಐದು ನಿಮಿಷ ಬಿಟ್ಟು ನೋಡಬೇಕು. ಹಿಟ್ಟು ತುಸುವೇ ಬಣ್ಣ ತಿರುಗಿದ್ದರೆ ಶಾಖ ಕಡಿಮೆ. ಹೊಂಬಣ್ಣಕ್ಕೆ ಬಂದಿದ್ದರೆ ಕೇಕಿಗೆ ಸರಿ, ಅದಕ್ಕಿಂತ ಒಂದು ಛಾಯೆ ಹೆಚ್ಚಾಗಿದ್ದರೆ ಬನ್ನಿಗೆ ಸರಿ. ಕಡುಗಂದಾಗಿದ್ದರೆ ಉರಿ ತಗ್ಗಿಸಬೇಕು. ಕೆಂಡ ಬಳಸುವವರು ಈ ಕೆಲಸವನ್ನು ಜಗಲಿ ಅಥವಾ ಹಿತ್ತಿಲಿನಲ್ಲಿ ಮಾಡಬೇಕು. ಕದ ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹೊರಡುವ ವಿಷಾನಿಲ ಪ್ರಾಣಕ್ಕೇ ಎರವಾಗುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಗಟ್ಟಿಯಾಗುವುದು, ಕೆಡುವುದು

ತಂಗಳು ಮುದ್ದೆ ಬಿರುಸಾಗುವಂತೆ ಬನ್ನೂ ಬಿರುಸಾಗುತ್ತದೆ. ಬೆಂದ ಪಿಷ್ಟ ಆರಿದಾಗ ಮತ್ತೆ ಹರಳುಗಟ್ಟುವುದೇ ಇದಕ್ಕೆ ಕಾರಣ, ಬರೀ ಒಣಗುವುದಲ್ಲ. ಈ ಕ್ರಿಯೆ ಫ್ರಿಜ್ಜಿನ ತಂಪಿನಲ್ಲಿ ಎಲ್ಲಕ್ಕಿಂತ ವೇಗವಾಗಿ ನಡೆಯುತ್ತದೆ. ಆದುದರಿಂದ ಒಂದೆರಡು ದಿನಕ್ಕಾಗಿ ಬನ್ನನ್ನು ಫ್ರಿಜ್ಜಿನಲ್ಲಿಡುವುದು ತಪ್ಪು. ಮುಚ್ಚಿದ ಡಬ್ಬಿಯಲ್ಲಿ ಹೊರಗಿಡುವುದೇ ಸರಿ. ಬಿರುಸಾದ ಬನ್ನನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಎರಡು ನಿಮಿಷವಿಟ್ಟರೆ ಮತ್ತೆ ಮೆತ್ತಗಾಗುತ್ತದೆ, ಕೂಡಲೇ ತಿನ್ನಬೇಕು.

ಸೆಕೆ ಮತ್ತು ತೇವ ಕೂಡಿದ ದಿನಗಳಲ್ಲಿ ಇನ್ನೊಂದು ಕೇಡು ಕಾಣಿಸಿಕೊಳ್ಳಬಹುದು. ಮರುದಿನ ಬನ್ನು ಮುರಿದಾಗ ಕೊಳೆತ ಹಣ್ಣಿನ ವಾಸನೆ ಬಂದು, ಒಳಗೆ ಅಂಟಂಟಾಗಿ ನೂಲಿನಂಥ ಎಳೆಗಳು ಕಾಣುತ್ತವೆ. ಹಿಟ್ಟಿನೊಡನೆ ಬರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಣಗಳು ಒಲೆಯ ಶಾಖದಲ್ಲಿಯೂ ಸಾಯದೆ ಉಳಿದು ಹೀಗೆ ಮಾಡುತ್ತವೆ. ಇಂಥ ಬನ್ನನ್ನೂ ಬೂಷ್ಟು ಹಿಡಿದುದನ್ನೂ ಹೂಳಬೇಕು. ದನ, ಕೋಳಿಗಳಿಗೂ ಹಾಕಬಾರದು. ಪಾತ್ರೆ, ಮಣೆಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ ಬಿಸಿಲಿಗಿಡಬೇಕು. ಆ ದಿನಗಳಲ್ಲಿ 1 ಕಿ.ಗ್ರಾಂ ಹಿಟ್ಟಿಗೆ ಎರಡು ದೊಡ್ಡ ಚಮಚ ವಿನೆಗರನ್ನು ಕಲಸುವ ನೀರಿಗೆ ಸೇರಿಸಿದರೆ ಆ ಹುಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದು. ಬನ್ನು ಪೂರ್ತಿ ಬೇಯುವುದು ಮತ್ತು ಪೂರ್ತಿ ಆರಿದ ಮೇಲೆಯೇ ಡಬ್ಬಿ ಮುಚ್ಚುವುದು ಅಷ್ಟೇ ಮುಖ್ಯ.

ಖರ್ಚಿನ ಮಾತು

ಮೈದಾ, ಸಕ್ಕರೆ, ಬೆಣ್ಣೆ ಎಲ್ಲವನ್ನೂ ಅಂಗಡಿಯಿಂದ ತಂದು, ಗ್ಯಾಸು ಉರಿಸಿ ಮಾಡಿದ ಹದಿನಾರು ಬನ್ನುಗಳು ಬೇಕರಿಯದಕ್ಕಿಂತ ಅಗ್ಗವಾಗುತ್ತವೆಂದು ಹೇಳಲಾರೆವು. ಮನೆಯ ಹಾಲು, ಬೆಣ್ಣೆ, ಬೆಲ್ಲ, ರಾಗಿ, ಬಿಸಾಡಬೇಕಾದ ಹಣ್ಣು ಇವು ಎಷ್ಟು ಸೇರುತ್ತವೆಯೋ ಅಷ್ಟು ಲಾಭ. ಈ ಲೆಕ್ಕದಲ್ಲಿ ಬನ್ನಿಗಿಂತ ಬಾಳೆಹಣ್ಣಿನ ಕೇಕು, ತವಸಳಿಗಳೇ ರೈತರ ಮನೆಗೆ ಹೆಚ್ಚು ಒದಗುತ್ತವೆ. ಮೊದಲ ಸಲ ಮಾಡುವವರೂ ಅವುಗಳಿಂದಲೇ ಆರಂಭಿಸಿದರೆ ಕೈ ಕುದುರುತ್ತದೆ.

ಮಹಿಳಾ ಸಂಘಗಳು ಮಾರಾಟಕ್ಕೆಂದು ಮಾಡುವುದಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಮೊದಲು ನೋಂದಣಿ ಮಾಡಿಸಿಕೊಳ್ಳಬೇಕು. ಪೊಟ್ಟಣದ ಮೇಲೆ ಸಾಮಗ್ರಿಗಳ ಪಟ್ಟಿಯನ್ನೂ ತಯಾರಾದ ದಿನಾಂಕವನ್ನೂ ನಮೂದಿಸಬೇಕು. ಕೈಯಾರೆ ಕಲಿಯಬಯಸುವವರಿಗಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಆವರಣದಲ್ಲಿ ಬೇಕರಿ ತರಬೇತಿ ಕೇಂದ್ರವಿದೆ. ದೂರದ ಜಿಲ್ಲೆಗಳವರು ತಮ್ಮ ಕೃಷಿ ವಿಜ್ಞಾನ ಕೇಂದ್ರದ ಗೃಹ ವಿಜ್ಞಾನ ವಿಭಾಗದಲ್ಲಿ ವಿಚಾರಿಸಬಹುದು. ಹೋಗುವಾಗ ನಿಮ್ಮ ಮನೆಯ ಹಿಟ್ಟನ್ನೂ ಬೆಲ್ಲವನ್ನೂ ಸ್ವಲ್ಪ ಒಯ್ಯಿರಿ. ಅವುಗಳಿಂದಲೇ ಮಾಡಿ ನೋಡಿದರೆ ನೀರಿನ ಅಳತೆ ನಿಮಗೆ ಅಲ್ಲಿಯೇ ಗೊತ್ತಾಗುತ್ತದೆ.